ಮೇಂಟೆನೆನ್ಸ್‌ಗಾಗಿ ಪಾರ್ಕ್ ಮುಚ್ಚಿದೆ

ಪಾರ್ಕಿನ ಗೇಟಿಗೆ ಹಳದಿ ಬೋರ್ಡು ಬಿದ್ದ ದಿನ ಜಾಜಾ ಅದನ್ನು ಎರಡು ಸಲ ಜೋರಾಗಿ ಓದಿದ.

"ಮೇಂಟೆನೆನ್ಸ್‌ಗಾಗಿ ಪಾರ್ಕ್ ಮುಚ್ಚಿದೆ. ಸಂಜೆ ನಾಲ್ಕರಿಂದ ಬೆಳಿಗ್ಗೆ ಏಳರವರೆಗೆ." ಓದಿ ಮುಗಿಸಿ ನನ್ನ ಕಡೆ ತಿರುಗಿದ. ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು. "ನೋಡ್ದ್ಯಾ ಯೋಲಾ? ನಾನಿಲ್ದೆ ಇವ್ರ ಕೈಲಿ ಆಗಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ನಾನು ನಕ್ಕೆ. ಆಗಿನದು ನಿಜವಾದ ನಗು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ನನಗೆ ಹೆದರಿಕೆಯಾದರೂ ನಗುವೇ ಬರುತ್ತದೆ. ಬೇರೆಯವರು ಬೆವರುತ್ತಾರೆ, ಅಳುತ್ತಾರೆ. ನಾನು ಕಿಸಿಕಿಸಿ ನಗುತ್ತೇನೆ. ಅಜ್ಜಿಯ ಶವಪೆಟ್ಟಿಗೆಯನ್ನು ಗುಂಡಿಗಿಳಿಸುವಾಗ ನಕ್ಕು ಅಮ್ಮನ ಕೈಯಲ್ಲಿ ತೋಳು ಚಿವುಟಿಸಿಕೊಂಡವಳು ನಾನು.

ಜಾಜಾ ಅಮ್ಮನ ಅಪ್ಪ. ನಮ್ಮ ಪೋಲಿಷ್ ಮನೆಗಳಲ್ಲಿ ಅಜ್ಜನನ್ನು ಹಾಗೆಯೇ ಕರೆಯುವುದು. ಕ್ಲೀವ್‌ಲ್ಯಾಂಡಿನ ಅಂಚಿನಲ್ಲಿರುವ ಈ ಅಲ್ಡರ್ ಫೋರ್ಡ್ ಊರಿನ ಪಾರ್ಕಿನಲ್ಲೇ ಅವನ ದುಡಿಮೆಯ ಆಯುಷ್ಯವೆಲ್ಲ ಕಳೆಯಿತು. ಹುಲ್ಲು ಕತ್ತರಿಸಿದ್ದು, ಹಿಮ ಗೋರಿದ್ದು, ಉಯ್ಯಾಲೆಗೆ ಎಣ್ಣೆ ಬಿಟ್ಟಿದ್ದು, ಬಾತುಗಳ ಕೊಳದ ಪಂಪಿಗೆ ಬೈದು ಬೈದು ಜೀವ ಕೊಟ್ಟಿದ್ದು. ಅವನ ಕೆಲಸದ ಹೆಸರು ಮೇಂಟೆನೆನ್ಸ್. ಈಗ ಅವನಿಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಅಜ್ಜಿ ಸತ್ತದ್ದೂ ನೆನಪಿಲ್ಲ. ಅವಳು ಅಂಗಡಿಗೆ ಹೋಗಿದ್ದಾಳೆ ಎಂದುಕೊಂಡಿದ್ದಾನೆ, ನಾವೂ ಹಾಗೇ ಇರಲಿ ಎಂದು ಬಿಟ್ಟಿದ್ದೇವೆ. ಆದರೆ ಮೇಂಟೆನೆನ್ಸ್ ಎಂಬ ಪದ ಕಿವಿಗೆ ಬಿದ್ದರೆ ಸಾಕು, ತಲೆಯೊಳಗೆ ಯಾರೋ ಸ್ವಿಚ್ ಒತ್ತಿದಂತಾಗುತ್ತದೆ. ಎದ್ದು ನಿಲ್ಲುತ್ತಾನೆ. ಕಂದು ಕ್ಯಾನ್ವಾಸ್ ಕೋಟು ಹಾಕಿಕೊಳ್ಳುತ್ತಾನೆ. ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಆ ಗೊಂಚಲಿನಲ್ಲಿ ಪಾರ್ಕಿನ ಕೀಲಿಗಳು ಇನ್ನೂ ಇವೆ. ಊರಿನ ಆಫೀಸಿನವರು ವಾಪಸ್ ಕೇಳಲಿಲ್ಲ. ತೆಗೆದಿಟ್ಟರೆ ಅವನ ಕೈ ನಡುಗಲು ಶುರುವಾಗುತ್ತದೆ ಎಂದು ಅಮ್ಮನೂ ತೆಗೆಯಲಿಲ್ಲ.

ಅವನ ಇನ್ನೊಂದು ಚಾಳಿಯೂ ಹೋಗಿಲ್ಲ. ಯಾವ ಕೋಣೆಗೆ ಕಾಲಿಟ್ಟರೂ ಗೋಡೆ ತಡವಿ ಸ್ವಿಚ್ ಹುಡುಕುತ್ತಾನೆ. "ಮೊದ್ಲು ದೀಪ. ಆಮೇಲೆ ಕೆಲ್ಸ." ಹಾಡುಹಗಲಿನಲ್ಲಿ ಬಚ್ಚಲಿಗೆ ಹೋದರೂ ಹೀಗೇ. ಒಮ್ಮೆ ಚರ್ಚಿನಲ್ಲಿ ಪಾದ್ರಿ ಪ್ರಾರ್ಥನೆ ಮಾಡುತ್ತಿರುವಾಗಲೇ ಎದ್ದು ಹೋಗಿ ಎಲ್ಲ ದೀಪ ಹಾಕಿ ಬಂದಿದ್ದ.

ಬೋರ್ಡು ಬಿದ್ದ ಸಂಜೆಯೇ ಅವನು ಮನೆಯಿಂದ ಕಾಣೆಯಾದ. ಓಡಿಹೋಗಿ ನೋಡಿದರೆ ಪಾರ್ಕಿನ ಸರಪಳಿ ದಾಟಿ ಒಳಗೆ ಹೋಗಿ ಒಂದು ಬೆಂಚಿನ ಮೇಲಿನ ಹಿಮವನ್ನು ಮನೆಯ ಸಲಿಕೆಯಿಂದ ತೆಗೆಯುತ್ತಿದ್ದ. ನಾನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ, ಮೂರು ನಗುಮುಖ ಸೇರಿಸಿ. ಕೋಟಿನ ಬಟನ್ ಹಾಕಿಸು ಎಂದು ಅಮ್ಮ ಬರೆದಳು. ಅಷ್ಟೇ. ನಮಗೆ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಾರನೇ ದಿನ, ಮಿಸ್ ಪ್ರಿಸಿಲ್ಲಾ ನಮ್ಮ ಬಾಗಿಲು ಬಡಿದಾಗ. ಅವರು ಪಕ್ಕದ ಬೀದಿಯವರು, ರಿಟೈರಾದ ಸ್ಕೂಲ್ ಬಸ್ ಡ್ರೈವರ್. ಒಂದನೇ ಕ್ಲಾಸಿನಿಂದ ಎಂಟನೆಯವರೆಗೆ ನನ್ನನ್ನು ಸ್ಕೂಲಿಗೆ ಹೊತ್ತವರು. ಹಿಂದಿನ ಸೀಟಿನಲ್ಲಿ ಕೂತವನು ಚೂಯಿಂಗ್ ಗಮ್ ಅಂಟಿಸಿದರೂ ಕನ್ನಡಿಯಲ್ಲಿ ಕಂಡುಹಿಡಿಯುವವರು.

"ಪುಟ್ಟಿ, ನಿನ್ನೆ ನಿಮ್ಮಜ್ಜ ಪಾರ್ಕೊಳಗೆ ಇದ್ರಂತೆ?"

"ಹೂಂ ಮಿಸ್ ಪ್ರಿಸಿಲ್ಲಾ, ಬೆಂಚು ಕ್ಲೀನ್ ಮಾಡ್ತಿದ್ದ. ಫೋಟೋ ನೋಡ್ತೀರಾ?"

"ಫೋಟೋ ಆಮೇಲೆ. ಇನ್ಮೇಲೆ ಅವ್ರನ್ನ ಆ ಕಡೆ ಬಿಡ್ಬೇಡ." ಅವರು ಒಳಗೆ ಬಂದು ಬಾಗಿಲು ಹಾಕಿಕೊಂಡರು. "ಇವತ್ತು ಬೆಳಿಗ್ಗೆ ನಾಯಿ ಕರ್ಕೊಂಡು ಹೋಗಿದ್ದೆ. ಮಕ್ಕಳು ಹಿಮದಲ್ಲಿ ಜಾರೋ ದಿಬ್ಬದ ಹಿಂದೆ ಜೋಳದ ರಾಶಿ ಸುರಿದಿದಾರೆ. ಎದುರಿನ ಮರದ ಮೇಲೆ ಅಟ್ಟಣೆ ಕಟ್ಟಿದಾರೆ. ಹಿಮದ ಮೇಲೆ ರಕ್ತ, ಏನೋ ಎಳ್ಕೊಂಡು ಹೋದ ಗುರುತು. ಊರಿನ ಆಫೀಸಿಗೆ ಫೋನ್ ಮಾಡಿ ಏನ್ರೀ ಇದು ಅಂದ್ರೆ, ಮೇಂಟೆನೆನ್ಸ್ ಮೇಡಂ ಅಂತಾಳೆ ಆ ಹುಡುಗಿ. ಜಿಂಕೆಗೆ ಗುಂಡು ಹೊಡಿಯೋದು ಮೇಂಟೆನೆನ್ಸ್ ಆದ್ರೆ ನಾನು ಈ ಊರಿನ ಮಹಾರಾಣಿ."

ನಿಧಾನವಾಗಿ ಎಲ್ಲ ಹೊರಬಂತು. ಊರಿನ ಕೌನ್ಸಿಲ್ಲಿನ ನವೆಂಬರಿನ ಸಭೆಯಲ್ಲಿ, ಚರ್ಚೆಯಿಲ್ಲದೆ ಒಟ್ಟಿಗೆ ಕೈಯೆತ್ತಿ ಮುಗಿಸುವ ಸಣ್ಣಪುಟ್ಟ ವಿಷಯಗಳ ಮಧ್ಯೆ, ರಸ್ತೆಗೆ ಹಾಕುವ ಉಪ್ಪು ಮತ್ತು ಕ್ರಿಸ್‌ಮಸ್ ದೀಪಗಳ ಪಕ್ಕದಲ್ಲಿ, 'ಪಾರ್ಕಿನ ಗಿಡಮರಗಳ ಮೇಂಟೆನೆನ್ಸ್' ಎಂದು ಒಂದು ಸಾಲು ಸೇರಿಸಿ ಪಾಸು ಮಾಡಿದ್ದರು. ಜಿಂಕೆಗಳು ಹೆಚ್ಚಾಗಿವೆ, ಸಂಖ್ಯೆ ತಗ್ಗಿಸಬೇಕು ಎಂದು ಯಾವುದೋ ಬೇರೆ ರಾಜ್ಯದಿಂದ ಬಂದೂಕುಗಾರರನ್ನು ಕರೆಸಿದ್ದರು. ಯಾವ ದಿನ, ಯಾವ ಜಾಗ, ಏನೂ ಹೇಳುವುದಿಲ್ಲ. ಹೇಳಿದರೆ ಜನ ಬಂದು ಗಲಾಟೆ ಮಾಡುತ್ತಾರಂತೆ.

ಅಕ್ಕಪಕ್ಕದವರ ಫೋನ್ ಗುಂಪು ಹುಚ್ಚೆದ್ದು ಕುಣಿಯಿತು. ಲೈಬ್ರರಿ ಹಿಂದೆ ಎಂದು ಒಬ್ಬರು, ಟೆನಿಸ್ ಕೋರ್ಟಿನ ಹತ್ತಿರ ಎಂದು ಇನ್ನೊಬ್ಬರು. ಮಕ್ಕಳನ್ನು ಜಾರುಬಂಡಿಗೆ ಕಳಿಸಬಹುದೇ ಎಂದು ತಾಯಂದಿರು. ನನ್ನ ಕಾರಿನ ಮೂತಿ ಮುರಿದದ್ದು ಜಿಂಕೆ, ಅದಕ್ಕೆ ಯಾರಾದರೂ ಅತ್ತಿರಾ ಎಂದು ರಾನ್ ಫೆರ್. ಅವರ ಕಾರಿನ ಮೂತಿ ಮೊದಲೇ ಹಾಗಿತ್ತು ಎಂದು ಅವರ ಹೆಂಡತಿ.

ನಾನು ಬರೆಯಲಿಲ್ಲ. ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ಜಾಜಾನ ಕೋಟನ್ನು ನೋಡುತ್ತಾ ಕೂತಿದ್ದೆ. ಚಳಿಗಾಲದ ಜಿಂಕೆಯ ಮೈಬಣ್ಣವನ್ನು ಯಾರಾದರೂ ಅಂಗಡಿಗೆ ಒಯ್ದು ಇದೇ ಬಣ್ಣದ ಬಟ್ಟೆ ಕೊಡಿ ಎಂದು ಕೇಳಿದರೆ ಈ ಕೋಟನ್ನೇ ತೆಗೆದು ಕೊಡುತ್ತಿದ್ದರು. ನನಗೆ ಕಿಸಕ್ಕೆಂದು ನಗು ಬಂತು. ಇದು ಆ ಇನ್ನೊಂದು ನಗು.

ಹೊಳೆಯುವ ಕಿತ್ತಳೆ ಬಣ್ಣದ ಜಾಕೆಟ್ಟೊಂದನ್ನು ತಂದೆ. ಜಾಜಾ ಎರಡು ಬೆರಳಿನಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟ. "ಇದು ಬೇಟೆಗೆ ಹೋಗೋರು ಹಾಕೋದು. ನಾನು ಕೆಲ್ಸಕ್ಕೆ ಹೋಗ್ತಿರೋದು." ಕೋಟನ್ನು ಬಚ್ಚಿಟ್ಟೆ. ಅವನು ಅಂಗಿಯಲ್ಲೇ ಹೊರಡಲು ನೋಡಿದ, ಚಳಿಗೆ ಸತ್ತೇ ಹೋಗುತ್ತಾನೆಂದು ಹೆದರಿ ಮತ್ತೆ ಮೊಳೆಗೆ ಸಿಕ್ಕಿಸಿದೆ. ಕೊನೆಗೆ ಅವನ ಬೂಟುಗಳನ್ನು ಬಟ್ಟೆ ಒಣಗಿಸುವ ಮೆಷಿನ್ನಿನೊಳಗೆ ತುರುಕಿದೆ. ಮುಂಬಾಗಿಲಿಗೆ ಒಂದು ಸಣ್ಣ ಪೆಟ್ಟಿಗೆ ಅಂಟಿಸಿದೆ, ಬಾಗಿಲು ತೆರೆದರೆ ನನ್ನ ಫೋನು ಟಿಂಗ್ ಎನ್ನುತ್ತದೆ.

ಗುಂಡಿನ ಸದ್ದು ನಾನು ಮೊದಲು ಕೇಳಿದ್ದು ಊಟದ ಹೊತ್ತಿಗೆ. ಸಿನಿಮಾದಲ್ಲಿ ಕೇಳುವಂಥ ಸದ್ದಲ್ಲ. ಸದ್ದಡಗಿಸಿದ ಬಂದೂಕು. ದೂರದಲ್ಲಿ ಯಾರೋ ಸ್ಟೇಪ್ಲರ್ ಒತ್ತಿದ ಹಾಗೆ, ಟಪ್. ಜಾಜಾ ಫೋರ್ಕ್ ಕೆಳಗಿಟ್ಟು ತಲೆಯೆತ್ತಿದ.

"ಯಾರೋ ಬಾಗಿಲು ಬಡೀತಿದಾರೆ."

"ಯಾರೂ ಇಲ್ಲ ಜಾಜಾ. ತಿನ್ನು."

"ಚಳೀಲಿ ನಿಂತಿದಾರೆ ಪಾಪ. ಹೋಗಿ ತೆಗಿ." ಮತ್ತೆ, ಟಪ್. "ನೋಡು, ಇನ್ನೂ ಬಡೀತಿದಾರೆ."

ಮುಂದಿನ ಕೌನ್ಸಿಲ್ ಸಭೆಯಲ್ಲಿ ನಾನು ಪ್ರಶ್ನೆ ಕೇಳುವವಳಿದ್ದೆ. ಆ ದಿನ ಅಮ್ಮ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳ ಕೆಲಸ ವೃದ್ಧಾಶ್ರಮದಲ್ಲಿ, ಸಂಜೆ ಪಾಳಿ. ಬೇರೆಯವರ ಅಪ್ಪಂದಿರನ್ನು ನೋಡಿಕೊಳ್ಳುತ್ತಾಳೆ.

"ಏನ್ ಬೇಕಾದ್ರೂ ಕೇಳು. ಜಾಜಾ ವಿಷ್ಯ ಮಾತ್ರ ಎತ್ಬೇಡ."

"ಅಮ್ಮ, ಅದೇ ತಾನೇ ವಿಷ್ಯ!"

"ಸಭೆ ಟಿವೀಲಿ ಬರತ್ತೆ. ಅವ್ನು ನೋಡ್ತಿರ್ತಾನೆ. ಮೊಮ್ಮಗಳು ಊರಿನ ಮುಂದೆ ನಿಂತು, ನಮ್ಮಜ್ಜಂಗೆ ತಲೆ ಸರಿಯಿಲ್ಲ ಅನ್ನೋದನ್ನ ಅವ್ನು ಕೇಳ್ಬೇಕಾ?" ಅವಳು ಕೀಲಿ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ಮುಖ ಹಾಕಿದಳು. "ಮತ್ತೆ ಯಾರಾದ್ರೂ ಆಫೀಸಿನೋರು ಬಂದು, ಮುದುಕ್ರನ್ನ ಒಬ್ರನ್ನೇ ಯಾಕೆ ಬಿಡ್ತೀರಿ ಅಂದ್ರೆ ನಾನೇನ್ ಹೇಳ್ಲಿ?"

ಊರಿನ ಚಾನೆಲ್ಲು ಹಾಕಿಕೊಟ್ಟರೆ ಜಾಜಾ ಕುರ್ಚಿ ಬಿಟ್ಟು ಏಳುವುದಿಲ್ಲ. ಅದೊಂದು ಧೈರ್ಯ. ತಟ್ಟೆಯಲ್ಲಿ ಬೆಣ್ಣೆ ಹಾಕಿದ ಪಿರೋಗಿ ಕಡುಬು ಇಟ್ಟು, ಮಡಿಲಿಗೆ ಕಂಬಳಿ ಹೊದೆಸಿ, ಚಾನೆಲ್ಲು ಹಚ್ಚಿ ಹೊರಟೆ.

"ಎಲ್ಲಿಗೆ ಹೊರಟೆ?"

"ಸಭೆಗೆ ಜಾಜಾ. ಟಿವೀಲಿ ಬರ್ತೀನಿ, ನೋಡು."

"ಕೂದ್ಲು ಬಾಚ್ಕೋ," ಎಂದ.

ಸಭಾಂಗಣ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಎತ್ತರದ ಮೇಜಿನ ನಡುವೆ ಕೂತವರು ಕೌನ್ಸಿಲ್ ಅಧ್ಯಕ್ಷ ಡಾಕ್ಟರ್ ಲುಂಡ್‌ಕ್ವಿಸ್ಟ್. ಅವರು ನನ್ನ ಹಲ್ಲಿನ ಡಾಕ್ಟರೂ ಹೌದು. ಹಲ್ಲು ಕೊರೆಯುವ ಮೊದಲು ಪ್ರತಿ ಸಲವೂ ಹೇಳುವುದು ಒಂದೇ ಮಾತು, "ನೋವೇನಾಗಲ್ಲ, ಸ್ವಲ್ಪ ಒತ್ತಿದ ಹಾಗಾಗತ್ತೆ ಅಷ್ಟೆ." ಈಗಲೂ ಅದೇ ಮೃದು ದನಿಯಲ್ಲಿ, ಇದು ಜಿಂಕೆಗಳ ಆರೋಗ್ಯಕ್ಕಾಗಿಯೇ ಎಂದು ವಿವರಿಸುತ್ತಿದ್ದರು.

ಇಲ್ಲಿ ಮಾತಾಡಬೇಕಾದರೆ ಮೊದಲು ಹೆಸರು ಮತ್ತು ಮನೆ ವಿಳಾಸ ಹೇಳಬೇಕು. ಆಮೇಲೆ ಮೂರು ನಿಮಿಷ. ಹಸಿರು ದೀಪ, ಹಳದಿ ದೀಪ, ಕೆಂಪು ದೀಪ. ನನ್ನ ಸರದಿ ಬಂತು. ಮೈಕು ನನ್ನ ಹಣೆಯ ಎತ್ತರಕ್ಕಿತ್ತು.

"ಯೋಲಾ ವ್ರೊಬ್ಲೆಸ್ಕಿ. ಟ್ಯಾನರಿ ಬೀದಿ, ಪಾರ್ಕ್ ಪಕ್ಕದ ಕೊನೇ ಮನೆ." ಆಗಲೇ ಹೊಟ್ಟೆಯೊಳಗಿಂದ ನಗು ಗುಳುಗುಳು ಏಳುತ್ತಿತ್ತು. ತುಟಿ ಕಚ್ಚಿಕೊಂಡೆ. "ಯಾರಿಗಾದ್ರೂ ಗೊತ್ತಿಲ್ದೆ... ಪಾರ್ಕೊಳಗೆ ಹೋದ್ರೆ?"

"ಗೇಟಿಗೆ ಬೋರ್ಡು ಹಾಕಿದೀವಲ್ಲ ಯೋಲಾ."

"ಬೋರ್ಡಲ್ಲಿ ಮೇಂಟೆನೆನ್ಸ್ ಅಂತಿದೆ."

"ಅದು ಮೇಂಟೆನೆನ್ಸೇ ಕಣಮ್ಮ."

"ಬಂದೂಕಿನ ಮೇಂಟೆನೆನ್ಸಾ?" ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

"ನನ್ನ ಕಾರಿಗೂ ಸ್ವಲ್ಪ ಮೇಂಟೆನೆನ್ಸ್ ಮಾಡಿಸ್ಕೊಡಿ!" ಅದು ರಾನ್ ಫೆರ್.

ಡಾಕ್ಟರು ಸುತ್ತಿಗೆ ಬಡಿದರು. ನನ್ನ ದೀಪ ಹಳದಿಯಾಯಿತು. ಜಾಜಾನ ಹೆಸರು ನಾಲಿಗೆಯ ತುದಿಯವರೆಗೆ ಬಂದು ವಾಪಸ್ ಹೋಯಿತು. "ಜಾಗ ಹೇಳಿ ಡಾಕ್ಟ್ರೇ," ಎಂದೆ. "ಅಷ್ಟೇ. ಎಲ್ಲಿ ಅಂತ ಹೇಳಿ. ನಾವು ಆ ಕಡೆ ಹೋಗಲ್ಲ, ಯಾರನ್ನೂ ಬಿಡಲ್ಲ."

"ಸುರಕ್ಷತೆಯ ದೃಷ್ಟಿಯಿಂದ..."

"ಯಾರ ಸುರಕ್ಷತೆ?" ಮಿಸ್ ಪ್ರಿಸಿಲ್ಲಾ ಎದ್ದು ನಿಂತಿದ್ದರು. ಮೈಕು ಬೇಕಿಲ್ಲದ ಗಂಟಲು ಅದು. "ನಮ್ಮ ಮನೆ ಹಿಂದೆ ಗುಂಡು ಹಾರತ್ತೆ, ನಮಗೆ ಹೇಳಲ್ಲ. ಬಾಯಿ ತೆಗಿ ಅಂದಾಗೆಲ್ಲ ಈ ಊರೇ ನಿಮ್ಮ ಮುಂದೆ ಬಾಯಿ ತೆಗೆದಿದೆ. ಇವತ್ತು ನೀವು ತೆಗೀರಿ!"

ಚಪ್ಪಾಳೆ ಬಿತ್ತು. ಯಾರೋ "ಜಾಗ ಹೇಳಿ" ಎಂದರು, ಇನ್ನಾರೋ ಸೇರಿಸಿದರು. ಮಂಡಿಯ ಮೇಲೆ ಮಗು ಕೂರಿಸಿಕೊಂಡವರೂ, ಜಿಂಕೆ ಕಂಡರಾಗದವರೂ, ರಾನ್ ಫೆರನ ಹೆಂಡತಿಯೂ. ಜಾಗ ಹೇಳಿ, ಜಾಗ ಹೇಳಿ. ಡಾಕ್ಟರ ಕಿವಿ ಕೆಂಪಾಯಿತು. ಪಕ್ಕದವರ ಜೊತೆ ಪಿಸುಗುಟ್ಟಿದರು. ಕೊನೆಗೆ ಮೈಕನ್ನು ಬಾಯಿಗೆ ಎಳೆದುಕೊಂಡರು.

"ಸರಿ. ಸರಿ! ಮೇಂಟೆನೆನ್ಸ್ ತಂಡ ಈಗ ಪಂಪ್ ಹೌಸ್ ಹತ್ರ ಇದೆ. ಕೊಳದ ಪಂಪ್ ಹೌಸ್. ಈ ವಾರ ಪೂರ್ತಿ ಮೇಂಟೆನೆನ್ಸ್ ಅಲ್ಲೇ. ಸಮಾಧಾನ ಆಯ್ತಾ?"

ಗೆದ್ದುಬಿಟ್ಟೆವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸ್ ಪ್ರಿಸಿಲ್ಲಾ ನನ್ನನ್ನು ಎದೆಗೊತ್ತಿ ಹಿಡಿದು ಅಲ್ಲಾಡಿಸಿದರು. ನಾನೂ ಕುಣಿಯುತ್ತಿದ್ದೆ.

ಜೇಬಿನಲ್ಲಿ ಫೋನು ಟಿಂಗ್ ಎಂದಿತು.

ಮುಂಬಾಗಿಲು ತೆರೆದಿದೆ.

ಮೊದಲು ನನಗೆ ಅರ್ಥವಾಗಲಿಲ್ಲ. ಬೂಟಿಲ್ಲದೆ ಹೇಗೆ ಹೋದ, ಚಾನೆಲ್ಲು ಹಾಕಿದ್ದೆನಲ್ಲ ಎಂದುಕೊಂಡೆ. ಚಾನೆಲ್ಲು. ಸಭಾಂಗಣದ ಮೂಲೆಯ ಕ್ಯಾಮೆರಾದ ಮೇಲೆ ಪುಟ್ಟ ಕೆಂಪು ಬೆಳಕು ಉರಿಯುತ್ತಿತ್ತು. ಡಾಕ್ಟರು ಆ ಕ್ಯಾಮೆರಾಕ್ಕೆ ಮುಖ ಕೊಟ್ಟು, ಜಾಜಾನಿಗೇ ಹೇಳಿದ ಹಾಗೆ ಹೇಳಿದ್ದರು: ಮೇಂಟೆನೆನ್ಸ್. ಪಂಪ್ ಹೌಸ್. ಈಗ.

ನಾನು ಬೊಬ್ಬೆಯಿಡಬೇಕೆಂದು ಬಾಯಿ ತೆರೆದೆ. ಹೊರಬಂದದ್ದು ನಗು. ಬಗ್ಗಿ, ಮೈಕಿನ ಕಂಬ ಹಿಡಿದು, ಉಸಿರು ಸಿಗದೆ ನಗುತ್ತಿದ್ದೆ.

"ಯೋಲಾ, ನಿನ್ನ ಟೈಮ್ ಮುಗೀತು," ಎಂದರು ಡಾಕ್ಟರು. "ಇದು ತಮಾಷೆ ಮಾಡೋ ಜಾಗ ಅಲ್ಲ."

"ನಮ್ಮಜ್ಜ... ಪಂಪ್ ಹೌಸ್‌ಗೆ... ಹೊರಟಿದಾನೆ..." ಹಿಹಿಹಿ. ಯಾರೋ ನನ್ನ ಜೊತೆ ನಕ್ಕರು ಕೂಡ.

"ಅವ್ಳು ನಗ್ತಿಲ್ಲ!" ಮಿಸ್ ಪ್ರಿಸಿಲ್ಲಾ ಕಿರುಚಿದರು. "ಎಂಟು ವರ್ಷ ನನ್ನ ಬಸ್ಸಲ್ಲಿ ಕೂತ ಹುಡುಗಿ, ನಂಗೊತ್ತು. ಹೆದರಿದಾಳೆ ಅವ್ಳು! ಅವ್ರಜ್ಜ ನಿಮ್ಮ ಪಾರ್ಕಲ್ಲೇ ಕೆಲ್ಸ ಮಾಡಿದೋರು ರೀ, ಈಗ ನೆನಪಿನ ಶಕ್ತಿ ಇಲ್ಲ. ನೀವು ಕರೆದ್ರಿ, ಅವ್ರು ಹೊರಟ್ರು! ಗುಂಡು ನಿಲ್ಸೋಕೆ ಹೇಳಿ ಅವ್ರಿಗೆ!"

 ಡಾಕ್ಟರು ಫೋನು ತೆಗೆದು ಒತ್ತಿದರು. ಕಿವಿಗಿಟ್ಟುಕೊಂಡರು. ಮತ್ತೆ ಒತ್ತಿದರು.

"ಆಫ್ ಇದೆ," ಎಂದರು. ದನಿಯ ಮೃದುತನ ಹೋಗಿತ್ತು. "ಅಟ್ಟಣೆ ಮೇಲೆ... ಬೆಳಕು ಕಾಣಬಾರ್ದು ಅಂತ ಆಫ್ ಇಡ್ತಾರೆ."

ಬಾಗಿಲಲ್ಲಿದ್ದ ಪೊಲೀಸಿನವನು ರೇಡಿಯೋದಲ್ಲಿ ಏನೋ ಕೂಗತೊಡಗಿದ. ನಾವು ಕಾಯಲಿಲ್ಲ.

ಮಿಸ್ ಪ್ರಿಸಿಲ್ಲಾರ ಹಳೇ ವ್ಯಾನು ಹಿಮದ ಮೇಲೆ ಬಾಲ ಅಲ್ಲಾಡಿಸುತ್ತಾ ಓಡಿತು. ನಾನು ಮನೆಯ ಫೋನಿಗೆ ರಿಂಗ್ ಮಾಡುತ್ತಲೇ ಇದ್ದೆ, ಅದು ಬಡಿದುಕೊಳ್ಳುತ್ತಲೇ ಇತ್ತು. ಪಾರ್ಕಿಗೆ ಮುಂಚೆ ರೈಲು ಹಳಿ ದಾಟಬೇಕು. ಅಲ್ಲಿ ವ್ಯಾನು ಗಕ್ಕನೆ ನಿಂತಿತು.

"ಏನಾಯ್ತು? ಹೋಗಿ! ಹೋಗಿ ಮಿಸ್ ಪ್ರಿಸಿಲ್ಲಾ!"

ಅವರು ಕಿಟಕಿ ಗಾಜು ಇಳಿಸಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕಿವಿಗೊಟ್ಟರು. ಇಲ್ಲಿನ ಕಾನೂನಿನಂತೆ ಮಕ್ಕಳ ಬಸ್ಸು ಹಳಿಯ ಮುಂದೆ ನಿಂತು ಕಿವಿಗೊಡಲೇಬೇಕು. ಅವರ ಕಾಲು ತಾನಾಗಿಯೇ ಬ್ರೇಕ್ ತುಳಿದಿತ್ತು. ಎಷ್ಟು ವರ್ಷದ ರೂಢಿಯೋ. ಅವರಿಗೇ ಗೊತ್ತಾದದ್ದು ಆಮೇಲೆ.

ಆ ನಿಶ್ಶಬ್ದದಲ್ಲಿ ಕೊಳದ ಕಡೆಯಿಂದ ಕೇಳಿಸಿತು.

ಟಪ್.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. "ಅಯ್ಯೋ ದೇವ್ರೇ," ಎಂದರು ಅವರು, ವ್ಯಾನು ಹಾರಿತು.

ಗೇಟಿನ ಸರಪಳಿಯ ಬಳಿ ಹಿಮದ ಮೇಲೆ ಹೆಜ್ಜೆಗಳಿದ್ದವು. ಫೋನಿನ ಬೆಳಕು ಬಿಟ್ಟೆ. ಪ್ರತಿ ಹೆಜ್ಜೆಗುರುತಿನ ನಡುಮಧ್ಯೆ ಒಂದೊಂದು ನಕ್ಷತ್ರದ ಅಚ್ಚು. ಅಮ್ಮನ ಬೂಟುಗಳು. ನಾನು ಅವನ ಬೂಟು ಬಚ್ಚಿಟ್ಟೆನೆಂದು ಅವನು ಮಗಳ ಬೂಟಿಗೆ ಕಾಲು ತುರುಕಿಕೊಂಡು ಹೊರಟಿದ್ದ. ನಕ್ಷತ್ರಗಳು ಎಲ್ಲಿಯೂ ತಡವರಿಸಿರಲಿಲ್ಲ. ಮನೆಯಲ್ಲಿ ಬಚ್ಚಲು ಹುಡುಕುವವನು ಇಲ್ಲಿ ಕತ್ತಲಲ್ಲಿ ನೆಟ್ಟಗೆ ಪಂಪ್ ಹೌಸಿನ ಕಡೆ ನಡೆದಿದ್ದ.

ಓಡಿದೆ. ಮೊಣಕಾಲವರೆಗೆ ಹಿಮ. ಕೂಗಲು ಭಯ, ಕೂಗಿದರೆ ಅವನು ತಿರುಗಿ ಓಡಿ ಬಂದರೆ? ಕತ್ತಲಲ್ಲಿ ಓಡುವುದನ್ನು ಕಂಡರೆ ಏನು ಮಾಡುತ್ತಾರೆ ಆ ಮರದ ಮೇಲಿರುವವರು? ಕೂಗದಿದ್ದರೆ? ಹಿಂದಿನಿಂದ ಮಿಸ್ ಪ್ರಿಸಿಲ್ಲಾ ಬಸ್ಸಿನ ಗಂಟಲು ತೆಗೆದರು. "ಗುಂಡು ನಿಲ್ಸಿ! ಮನುಷ್ಯರಿದಾರೆ! ನಿಲ್ಸಿ!" ಗಾಳಿ ಎದುರಿನಿಂದ ಬೀಸುತ್ತಿತ್ತು. ಅವರ ಕೂಗು ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಮುಂದೆ ಮರಗಳು ಕಪ್ಪಗೆ ನಿಂತಿದ್ದವು, ಅವುಗಳಾಚೆ ಕೊಳ, ಪಂಪ್ ಹೌಸಿನ ಮಸಿಯಂಥ ಗುಡ್ಡೆ.  ಇನ್ನೊಂದು ಟಪ್ ಯಾವಾಗ ಬರುತ್ತದೆ ಎಂದು ಮೈಯೆಲ್ಲ ಕಿವಿಯಾಗಿತ್ತು.

ಆಗ ದೀಪ ಬಂತು.

ಮೊದಲು ಗುಂಯ್ ಎಂಬ ಸದ್ದು. ಆಮೇಲೆ ಜಾರುಬಂಡಿ ದಿಬ್ಬದ ಎತ್ತರದ ಕಂಬಗಳು ಒಂದೊಂದಾಗಿ ಕಣ್ಣು ಬಿಟ್ಟವು. ಕೊಳದ ದಂಡೆ, ದಾರಿಯ ಉದ್ದಕ್ಕೂ, ಪಂಪ್ ಹೌಸಿನ ಮಾಡು, ಎಲ್ಲವೂ. ಇಡೀ ಪಾರ್ಕು ಬೆಳ್ಳಗೆ ಬೆತ್ತಲೆಯಾಗಿ ನಿಂತಿತು.

ಹಳದಿ ಜೋಳದ ರಾಶಿ ಕಂಡಿತು. ಅದರ ಪಕ್ಕ ಹಿಮದ ಮೇಲೆ ಎರಡು ಕಂದು ದೇಹಗಳು. ಮೂರನೆಯದೊಂದು ಹೆಣ್ಣುಜಿಂಕೆ ಕಾಲು ಅಗಲಿಸಿಕೊಂಡು ಬೆಳಕಿನಲ್ಲಿ ಕಲ್ಲಾಗಿ ನಿಂತಿತ್ತು, ಮೂಗಿನಿಂದ ಹಬೆ ಬಿಡುತ್ತಾ. ನಾನು ಆ ಕಂದುಗಳನ್ನೇ ನೋಡುತ್ತಿದ್ದೆ, ಕ್ಯಾನ್ವಾಸಾ, ತುಪ್ಪಳವಾ ಎಂದು. ಒಂದರ ಕಾಲು ಅದುರಿತು. ಗೊರಸು ಕಂಡಿತು. ಗೊರಸು.

ಪಾರ್ಕಿನ ದೀಪಗಳ ಸ್ವಿಚ್ಚೆಲ್ಲ ಇರುವ ಪಂಪ್ ಹೌಸಿನ ಬಾಗಿಲಿನಿಂದ ಜಾಜಾ ಹೊರಬಂದ. ಕೈಯಲ್ಲಿ ಕೀಲಿಗೊಂಚಲು. ಕಾಲಲ್ಲಿ ಅಮ್ಮನ ನೇರಳೆ ಬೂಟು. ಕೆಲಸದ ದಿನದ ಗಂಭೀರ ಮುಖ.

ಎದುರಿನ ಮರದ ಅಟ್ಟಣೆಯಿಂದ ಒಬ್ಬ ಮನುಷ್ಯ ಬಂದೂಕನ್ನು ಮುಖದಿಂದ ಇಳಿಸಿ, ಒಂದೊಂದೇ ಮೆಟ್ಟಿಲು ತಡಕುತ್ತಾ ಕೆಳಗಿಳಿದ. ಕೆಳಗೆ ಬಂದವನು ಹಿಮದಲ್ಲೇ ಕೂತುಬಿಟ್ಟ. ನನಗಿಂತ ಹೆಚ್ಚೆಂದರೆ ಐದಾರು ವರ್ಷ ದೊಡ್ಡವನು.

"ಬಾಗಿಲ ಹತ್ರ ಒಂದು ಬಿಸಿ ಆಕಾರ ಕಾಣಿಸ್ತು," ಎಂದ, ಯಾರಿಗೆ ಹೇಳುತ್ತಿದ್ದಾನೆಂದು ಗೊತ್ತಿಲ್ಲದೆ. "ಕತ್ತಲಲ್ಲಿ ಈ ಬಂದೂಕಿನ ದುರ್ಬೀನಲ್ಲಿ ಮೈಬಿಸಿ ಮಾತ್ರ ಕಾಣೋದು. ಬಗ್ಗಿತ್ತು. ತಲೆ ಕೆಳಗೆ ಹಾಕಿತ್ತು. ಮೇಯ್ತಿದೆ ಅಂದ್ಕೊಂಡೆ. ನಾನು... ಬೆರಳು ಇಟ್ಟಾಗಿತ್ತು. ಅಷ್ಟರಲ್ಲಿ ಅದು ಒಳಗೆ ಸರೀತು, ದೀಪ..." ತನ್ನ ಬೆರಳನ್ನು ಎತ್ತಿ ನೋಡಿಕೊಂಡ, ಅದು ಬೇರೆಯವರದೇನೋ ಎಂಬಂತೆ.

ಅದು ಜಾಜಾ, ಬಗ್ಗಿ ಬೀಗಕ್ಕೆ ಕೀಲಿ ಹುಡುಕುತ್ತಿದ್ದದ್ದು.

ನಾನು ಅವನನ್ನು ಅಪ್ಪಿಕೊಂಡೆ. ಕೋಟು ಸೋಪು ಮತ್ತು ಹಳೇ ಎಣ್ಣೆಯ ವಾಸನೆ ಬೀರುತ್ತಿತ್ತು. ಅವನು ನನ್ನ ಬೆನ್ನು ತಟ್ಟುತ್ತಾ ಹುಡುಗನ ಕಡೆ ನೋಡಿದ.

"ಹೊಸಬನಾ ಇವ್ನು? ಮೊದ್ಲು ದೀಪ ಹಾಕ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ವಾ ನಿಂಗೆ?"

ಹುಡುಗ ಇಲ್ಲವೆಂದು ತಲೆಯಾಡಿಸಿದ.

ಆಮೇಲೆ ಜಾಜಾನ ಕಣ್ಣು ಜೋಳದ ರಾಶಿಯ ಪಕ್ಕ ಬಿದ್ದವುಗಳ ಕಡೆ ಹೋಯಿತು. ಹತ್ತಿರ ಹೋಗಿ ನೋಡಿದ. ಅಮ್ಮನ ನೇರಳೆ ಬೂಟಿನ ಸುತ್ತ ಹಿಮ ಕೆಂಪಗೆ ಕರಗಿತ್ತು. ಅವನ ಕೈಯಲ್ಲಿ ಕೀಲಿಗಳು ಸದ್ದು ಮಾಡತೊಡಗಿದವು.

"ಯಾರು ಮಾಡಿದ್ದು ಇದು?" ಎಂದ. "ಯೋಲಾ? ನಮ್ಮ ಪಾರ್ಕಲ್ಲಿ ಯಾರು ಮಾಡಿದ್ದು?"

ಆ ಹೊತ್ತಿಗೆ ಡಾಕ್ಟರ್ ಲುಂಡ್‌ಕ್ವಿಸ್ಟ್ ಅಂಗಿ ಟೈಯಲ್ಲೇ, ಕೋಟಿಲ್ಲದೆ ಓಡಿಬಂದು ನಿಂತಿದ್ದರು, ಹಿಂದೆ ಅರ್ಧ ಸಭೆ. ಒತ್ತಿದ ಹಾಗಾಗತ್ತೆ ಎಂದು ಅವರು ಹೇಳಲಿಲ್ಲ.   ಹಾಗೇ ನಿಂತಿದ್ದ ಹೆಣ್ಣುಜಿಂಕೆ ತಟ್ಟನೆ ಬಿಳಿ ಬಾಲ ಎತ್ತಿ ಕತ್ತಲಿಗೆ ಹಾರಿತು.

ಗುಂಡು ಹೊಡೆಯುವುದು ನಿಲ್ಲಲಿಲ್ಲ. ಮುಂದಿನ ಸಭೆಯಲ್ಲಿ ಚರ್ಚೆಯಾಯಿತು, ಈ ಸಲ ಎಲ್ಲರೆದುರು, ಜಿಂಕೆ ಕೊಲ್ಲುವುದು ಎಂದು ನೇರವಾಗಿ ಹೆಸರು ಹಿಡಿದು. ಪರವಾಗಿ ಒಂದು ಕೈ ಹೆಚ್ಚು ಎದ್ದಿತು. ಆದರೆ ಬೋರ್ಡು ಬದಲಾಯಿತು. ಮಿಸ್ ಪ್ರಿಸಿಲ್ಲಾ ಪಟ್ಟು ಹಿಡಿದು ಪ್ರತಿ ಅಕ್ಷರವನ್ನೂ ತಾವೇ ನಿಂತು ಬರೆಸಿದರು. ಕೆಂಪು ಬೋರ್ಡು, ದಪ್ಪ ಬಿಳಿ ಅಕ್ಷರ. ಇಲ್ಲಿ ಜಿಂಕೆಗಳನ್ನು ಗುಂಡಿಟ್ಟು ಕೊಲ್ಲಲಾಗುತ್ತಿದೆ. ಒಳಗೆ ಬರಬೇಡಿ. ಕೆಳಗೆ ಆ ವಾರದ ಜಾಗ.

ನಾಲ್ಕಾಗುತ್ತಿದ್ದಂತೆ ಜಾಜಾ ಈಗಲೂ ಕೋಟು ಹಾಕಿಕೊಳ್ಳುತ್ತಾನೆ. ಕೋಟಿನ ಮೇಲೆ ಕಿತ್ತಳೆ ಜಾಕೆಟ್ ಹಾಕಲು ಅಮ್ಮನಿಗೆ ಮಾತ್ರ ಬಿಡುತ್ತಾನೆ. ತಡೆಯುವುದಕ್ಕಿಂತ ಕರೆದುಕೊಂಡು ಹೋಗುವುದೇ ಸುಲಭವೆಂದು ನಾನು ಅವನ ಕೈ ಹಿಡಿದು ಗೇಟಿನವರೆಗೆ ಹೋಗುತ್ತೇನೆ. ಅವನು ಬೋರ್ಡನ್ನು ಜೋರಾಗಿ ಓದುತ್ತಾನೆ. ಅವನಿಗೆ ಅದು ದಿನವೂ ಹೊಸ ಸುದ್ದಿ.

ನಿನ್ನೆಯೂ ಓದಿದ. ಓದುತ್ತಾ ಓದುತ್ತಾ ದನಿ ಇಳಿಯಿತು.

"ಗುಂಡಾ? ನಮ್ಮ ಪಾರ್ಕಲ್ಲಾ?"

"ಹೂಂ ಜಾಜಾ."

"ಮೇಂಟೆನೆನ್ಸ್‌ನೋರಿಗೆ ಗೊತ್ತಾ ಇದು?"

"ಗೊತ್ತು."

ಅವನ ಕೈ ನನ್ನ ಕೈಯೊಳಗೆ ಚಿಕ್ಕದಾಯಿತು. ಒಂದು ಕಾಲದಲ್ಲಿ ಇದೇ ಗೇಟಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀಗ ತೆಗೆಯುತ್ತಿದ್ದವನು ಹಿಂದೆ ಹಿಂದೆ ಹೆಜ್ಜೆಯಿಟ್ಟ.

"ಮನೆಗೆ ಹೋಗೋಣ ಯೋಲಾ. ನಂಗೆ ಹೆದ್ರಿಕೆ ಆಗ್ತಿದೆ."

ಇದೇ ತಾನೇ ನಮಗೆ ಬೇಕಿದ್ದದ್ದು. ತಿರುಗಿ ನಡೆದೆವು. ಮನೆಯ ಮೂಲೆ ತಿರುಗುವಾಗ ಮರಗಳ ಆಚೆಯಿಂದ ಸದ್ದು ಬಂತು, ಟಪ್.

ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದು ಅವನು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಬೇಗ ಬೇಗ ನಡೆದ. ನನಗೆ ನಗು ಬರಲಿಲ್ಲ.